ಚಳಿ ನುಗ್ಗದ ಗಾಡಿ

ಸ್ಲಾವ್ಕಾ ಹೇಳಿದ್ದು ಒಂದೇ ಮಾತು. "ಆ ತಗಡಿನ ಡಬ್ಬದಲ್ಲಿ ಮಲಗಿದ್ರೆ ನನ್ನ ಕಾಲು ತಣ್ಣಗಾಗುತ್ತೆ."

ಬೇರೆ ಯಾವ ಗಂಡನಾಗಿದ್ದರೂ ಇದನ್ನು 'ನಾನು ಬರೋದಿಲ್ಲ' ಎಂದು ಅರ್ಥ ಮಾಡಿಕೊಂಡು ಸುಮ್ಮನಾಗುತ್ತಿದ್ದ. ಓರೆಸ್ಟ್ ಮೂವತ್ತೊಂದು ವರ್ಷ ಊರಿನ ಕರ್ಲಿಂಗ್ ಅಂಕಣದ, ಅಂದರೆ ಐಸ್ ಮೇಲೆ ಕಲ್ಲು ಜಾರಿಸಿ ಆಡುವ ಆಟದ ಅಂಕಣದ, ಐಸ್ ನೋಡಿಕೊಂಡವನು. ಅವನ ಅನುಭವದಲ್ಲಿ, ಒಳಗಿನ ಚಳಿ ಹೊರಗೆ ಹೋಗುತ್ತಿದ್ದರೂ ಹೊರಗಿನ ಚಳಿ ಒಳಗೆ ಬರುತ್ತಿದ್ದರೂ ಎಲ್ಲೋ ಒಂದು ಸಂದು ಇದೆ ಎಂದೇ ಅರ್ಥ. ಸಂದು ಹುಡುಕಿ ಮುಚ್ಚಿದರೆ ಕೆಲಸ ಮುಗಿಯಿತು. ಹೆಂಡತಿಯ ಮಾತಿಗೂ ಅವನು ಅದೇ ಲೆಕ್ಕ ಹಾಕಿದ. ಕಾಲು ತಣ್ಣಗಾಗದ ಗಾಡಿ ಸಿಕ್ಕರೆ ಅವಳು ಬರುತ್ತಾಳೆ.

ಅವಳು ಬರಲೇಬೇಕಿತ್ತು. ಮೂರು ಚಳಿಗಾಲದ ಹಿಂದೆ ಅವರ ಒಬ್ಬನೇ ಮಗ ಮೈರನ್ ಮೀನು ಹಿಡಿಯಲೆಂದು ಹೆಪ್ಪುಗಟ್ಟಿದ ಕೆರೆಯ ಮೇಲೆ ಪಿಕಪ್ ಓಡಿಸಿಕೊಂಡು ಹೋಗಿದ್ದ. ದಡದಲ್ಲಿ ಐಸ್ ಹದಿನಾಲ್ಕು ಇಂಚು ಇತ್ತು, ನಡುವೆ ಅಷ್ಟು ಇರಲಿಲ್ಲ. ಅಂದಿನಿಂದ ಸ್ಲಾವ್ಕಾ ದಿನಾ ಮಧ್ಯಾಹ್ನ ಎರಡಕ್ಕೆ ಚರ್ಚಿನ ಹಿಂದಿನ ಸ್ಮಶಾನಕ್ಕೆ ಹೋಗುತ್ತಾಳೆ. ಬೇಸಿಗೆಯಲ್ಲಿ ಸಂಜೆಯವರೆಗೂ ಇರುತ್ತಾಳೆ. ಚಳಿಗಾಲದಲ್ಲಿ ಕಾಲು ಗಂಟೆ, ರೆಪ್ಪೆಗೆ ಹಿಮ ಹಿಡಿಯುವವರೆಗೆ. ಆಮೇಲೆ ಮನೆಗೆ ಬಂದು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತುಬಿಡುತ್ತಾಳೆ. ಕಳೆದ ವರ್ಷ ಎರಡು ಸಲ ನ್ಯುಮೋನಿಯಾ ಆಗಿತ್ತು. "ಒಂದು ಚಳಿಗಾಲ ಇವರನ್ನು ಈ ಊರಿಂದ ಆಚೆ ಕರ್ಕೊಂಡು ಹೋಗಿ," ಎಂದಿದ್ದರು ಡಾಕ್ಟರು.

ಪಕ್ಕದ ಮನೆಯ ವಾಸಿಲ್ ಮತ್ತು ಪಾವ್ಲೀನಾ ಪ್ರತಿ ನವೆಂಬರಿಗೂ ತಮ್ಮ ಗಾಡಿ ಎಳೆದುಕೊಂಡು ದೂರದ ದಕ್ಷಿಣಕ್ಕೆ, ಚಳಿಯೇ ಇಲ್ಲದ ಅರಿಜೋನಾದ ಯೂಮಾಕ್ಕೆ ಹೋಗುವವರು. ಈ ಸಲ ಹೊರಡುವುದು ಬರುವ ಶುಕ್ರವಾರ. ಅಷ್ಟರೊಳಗೆ ಓರೆಸ್ಟ್ ಒಂದು ಫಿಫ್ತ್ ವೀಲ್ ಕೊಂಡರೆ, ಅಂದರೆ ಪಿಕಪ್ಪಿನ ಬೆನ್ನ ಮೇಲೆ ಕತ್ತು ಇಟ್ಟುಕೊಂಡು ಓಡುವ ಆ ದೊಡ್ಡ ಮನೆಗಾಡಿಯನ್ನು ಕೊಂಡರೆ, ಎರಡೂ ಒಂದರ ಹಿಂದೊಂದು ಹೊರಡಬಹುದು. ಸ್ಲಾವ್ಕಾ 'ಹೂಂ' ಅನ್ನುವುದೊಂದೇ ಬಾಕಿ.

"ನಿನ್ನ ಕಾಲೇ ಬಂದು ಪರೀಕ್ಷೆ ಮಾಡಲಿ," ಎಂದ ಶನಿವಾರ ಬೆಳಿಗ್ಗೆ.

"ಎರಡು ಗಂಟೆಗೆ ನಾನು ವಾಪಸ್ ಇರಬೇಕು," ಎಂದು ಸ್ಲಾವ್ಕಾ ಕೋಟು ಹಾಕಿಕೊಂಡಳು.

ಮೈನಸ್ ಹದಿನೆಂಟು ಚಳಿ. ಹತ್ತಿರದ ಪೇಟೆ ಯಾರ್ಕ್‌ಟನ್‌ನ ಹೊರಗೆ ಮನೆಗಾಡಿ ಮಾರುವ ಬಯಲಿನಲ್ಲಿ ಗಾಡಿಗಳು ಹಿಮ ಹೊದ್ದು ಮಲಗಿದ ದನಗಳ ಹಾಗೆ ನಿಂತಿದ್ದವು. ಓರೆಸ್ಟ್ ತನ್ನ ಪಿಕಪ್ಪಿನಿಂದ ನಾಲ್ಕು ಥರ್ಮಾಮೀಟರು, ಒಂದು ಟಾರ್ಚು, ಒಂದು ನೋಟ್‌ಬುಕ್ಕು ಇಳಿಸುವಷ್ಟರಲ್ಲಿ ಹಿಂದೆಯೇ ವಾಸಿಲನ ಪಿಕಪ್ ಬಂದು ನಿಂತಿತು.

"ನಿಮ್ಮನ್ನ ಯಾರು ಕರೆದ್ರು?" ಎಂದ ಓರೆಸ್ಟ್.

"ಕರೀಬೇಕಾ? ಮೂರು ಗಾಡಿ ಕೊಂಡು ಮೂರರಲ್ಲೂ ಮೋಸ ಹೋದವನು ನಾನು. ನನ್ನಷ್ಟು ಅನುಭವ ಯಾರಿಗಿದೆಯೋ ಮಾರಾಯ?" ಎಂದ ವಾಸಿಲ್. ಪಾವ್ಲೀನಾ ಕೈಯಲ್ಲಿ ಕಾಫಿ ಕೆಟಲ್ ಹಿಡಿದು, ಕಂಕುಳಲ್ಲಿ ಗಸಗಸೆ ರೋಲಿನ ಡಬ್ಬಿ ಇಟ್ಟುಕೊಂಡು ಇಳಿದಳು.

ಮಾರಾಟಗಾರ ಡಾರ್ಸಿ ಟೋಪಿಯಿಲ್ಲದೆ ಓಡಿಬಂದ. "ಬನ್ನಿ ಸರ್! ಇದು ನಾಲ್ಕೂ ಕಾಲಕ್ಕೆ ಆಗೋ ಗಾಡಿ. ಅದೋ ಅದು, ಅದೂ ನಾಲ್ಕೂ ಕಾಲಕ್ಕೆ ಆಗೋದೇ."

"ಹಾಗಂತ ಯಾರು ಹೇಳಿದ್ದು?"

"ಇಲ್ಲೇ ಬರೆದಿದೆಯಲ್ಲ ಸರ್." ಬಾಗಿಲ ಪಕ್ಕ ಒಂದು ಸ್ಟಿಕ್ಕರ್ ಇತ್ತು. ಅದರಲ್ಲಿ ಹೂವು, ಸೂರ್ಯ, ಎಲೆ, ಹಿಮ.

ಓರೆಸ್ಟ್ ಉಗುರಿನಿಂದ ಅದರ ಅಂಚು ಎತ್ತಿ ನೋಡಿದ. "ಗೋಡೆ ದಪ್ಪಕ್ಕೆ ಈ ಸ್ಟಿಕ್ಕರನ್ನೂ ಸೇರಿಸಿದ್ದೀರಾ?"

ಅವನ ಪರೀಕ್ಷೆ ಸರಳವಾಗಿತ್ತು. ಎರಡೂ ಗಾಡಿಗಳನ್ನು ಇಪ್ಪತ್ತು ಡಿಗ್ರಿಗೆ ಬಿಸಿ ಮಾಡುವುದು, ಹೀಟರ್ ಆರಿಸುವುದು, ಒಂದು ಗಂಟೆಯಲ್ಲಿ ಯಾವುದು ಎಷ್ಟು ಶಾಖ ಕಳೆದುಕೊಳ್ಳುತ್ತದೆ ಎಂದು ಬರೆದುಕೊಳ್ಳುವುದು. ಸ್ಟಿಕ್ಕರ್ ಸುಳ್ಳು ಹೇಳಬಹುದು, ಡಾರ್ಸಿ ಹೇಳಬಹುದು, ಪಾದರಸ ಹೇಳುವುದಿಲ್ಲ.

ಮೊದಲನೆಯ ಗಾಡಿ ಮದುವೆ ಮನೆಯಷ್ಟು ಥಳುಕಾಗಿತ್ತು. ಗೋಡೆಯಲ್ಲಿ ಬಣ್ಣದ ಬೆಂಕಿ ಕುಣಿಯುವ ಒಲೆ, ಎರಡು ಸೋಫಾ, ಆಳೆತ್ತರದ ಕಿಟಕಿ. ಸ್ಲಾವ್ಕಾ ಬಾಗಿಲಲ್ಲಿ ನಿಂತು ನೋಡಿ, "ಚೆನ್ನಾಗಿದೆ," ಎಂದಳು. ಆಸ್ಪತ್ರೆಯ ಊಟಕ್ಕೂ ಅವಳು ಹಾಗೆಯೇ ಹೇಳುತ್ತಿದ್ದಳು.

ಓರೆಸ್ಟ್ ಹೀಟರ್ ಆರಿಸಿ, ಥರ್ಮಾಮೀಟರ್ ಇಟ್ಟು, ಬಾಗಿಲು ಮುಚ್ಚಿ ಹೊರಗೆ ನಿಂತ. ಇಪ್ಪತ್ತು ನಿಮಿಷ ಬಿಟ್ಟು ಒಳಗೆ ಬಂದು ನೋಡಿದರೆ ಇಪ್ಪತ್ನಾಲ್ಕು ಡಿಗ್ರಿ. ಹೀಟರಿಲ್ಲದೆ ಮೈನಸ್ ಹದಿನೆಂಟರಲ್ಲಿ ತನ್ನಷ್ಟಕ್ಕೇ ಬಿಸಿಯಾಗುವ ಗಾಡಿಯನ್ನು ವಿಜ್ಞಾನ ಇನ್ನೂ ಕಂಡಿರಲಿಲ್ಲ. ಕಾರಣ ಮಲಗುವ ಕೋಣೆಯ ಹಿಂದಿನ ಬಾಗಿಲಿನಿಂದ ಒಳನುಗ್ಗಿ ಹಾಸಿಗೆಯ ಮೇಲೆ ಕೂತಿತ್ತು. ವಾಸಿಲ್, ಪಾವ್ಲೀನಾ, ಪರಿಚಯವೇ ಇಲ್ಲದ ಇನ್ನಿಬ್ಬರು ಗಿರಾಕಿಗಳು. ಗ್ಯಾಸ್ ಒಲೆಯ ಮೇಲೆ ಕೆಟಲ್ ಕುದಿಯುತ್ತಿತ್ತು.

"ಹೊರಗೆ ಚಳಿ ಕಣೋ," ಎಂದ ವಾಸಿಲ್.

"ಒಬ್ಬೊಬ್ಬ ಮನುಷ್ಯನೂ ನೂರು ವ್ಯಾಟಿನ ಬಲ್ಬ್ ಇದ್ದ ಹಾಗೆ! ನೀನು ಇನ್ನೂರು! ಏಳಿ, ಏಳಿ ಎಲ್ಲ!"

"ಕಾಫಿ ಆದ್ರೂ ಕುಡಿಯೋಕೆ ಬಿಡು," ಎಂದಳು ಪಾವ್ಲೀನಾ.

"ಕಾಫಿ ಮುನ್ನೂರು!"

ಪರೀಕ್ಷೆ ಮತ್ತೆ ಮೊದಲಿನಿಂದ. ಈ ಸಲ ಓರೆಸ್ಟ್ ಎರಡೂ ಬಾಗಿಲಿಗೆ ಬೀಗ ಹಾಕಿಸಿದ. ಒಂದು ಗಂಟೆಯಲ್ಲಿ ಇಪ್ಪತ್ತಿದ್ದದ್ದು ಎಂಟಕ್ಕೆ ಇಳಿಯಿತು. ಅವನು ಸ್ಕ್ರೂಡ್ರೈವರ್ ತೆಗೆದು, ಡಾರ್ಸಿ ಬೇಡ ಬೇಡ ಎನ್ನುತ್ತಿದ್ದಂತೆ, ಗೋಡೆಯ ಪ್ಲಗ್ಗಿನ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟ. ಚಳಿ ತಡೆಯಲು ಒಳಗೆ ತುಂಬಿದ್ದ ಗಾಜಿನ ಹತ್ತಿ ಮುದುಕನ ಕಾಲುಚೀಲದ ಹಾಗೆ ಕೆಳಗೆ ಜಾರಿ ಮುದುಡಿ ಕೂತಿತ್ತು. ಮೇಲರ್ಧ ಗೋಡೆ ಬರೀ ಟೊಳ್ಳು. ಅದೇ ಹೊತ್ತಿಗೆ ಅಡುಗೆಕಟ್ಟೆಯ ಸೆಳೆಖಾನೆಯನ್ನು ಎಳೆದು ನೋಡುತ್ತಿದ್ದ ವಾಸಿಲನ ಕೈಗೆ ಅದರ ಹಿಡಿ ಕಿತ್ತು ಬಂತು. ಅವನು ಅದನ್ನು ಮೆಲ್ಲಗೆ ಡಾರ್ಸಿಯ ಜೇಬಿಗೆ ಹಾಕಿದ.

"ಎರಡನೇದು ನೋಡೋಣ ಸರ್," ಎಂದ ಡಾರ್ಸಿ ಸಣ್ಣ ದನಿಯಲ್ಲಿ.

ಎರಡನೆಯದು ನೋಡಲು ಪಡಸಾಲೆಯ ಮೂಲೆಯಲ್ಲಿ ಕೂತ ದೊಡ್ಡಪ್ಪನ ಹಾಗಿತ್ತು. ಅಲಂಕಾರವಿಲ್ಲ, ಭಾರ ಹೆಚ್ಚು, ಬಣ್ಣ ಮಂಕು. ಆದರೆ ಬಾಗಿಲು ಮುಚ್ಚಿದರೆ 'ಠಪ್' ಎನ್ನಲಿಲ್ಲ, 'ದುಮ್' ಎಂದಿತು. ಓರೆಸ್ಟ್‌ನ ಮುಖ ಅರಳಿತು. ಕಿಟಕಿಗೆ ಎರಡು ಪದರ ಗಾಜು. ಗೋಡೆಯೊಳಗೆ ಸಂದಿಲ್ಲದೆ ಕೂತ ಫೋಮ್. ಒಂದು ಗಂಟೆ ಕಳೆದ ಮೇಲೆ ಪಾದರಸ ನಿಂತದ್ದು ಹದಿನೈದರಲ್ಲಿ.

"ಸ್ಲಾವ್ಕಾ, ನೋಡಿಲ್ಲಿ! ಐದೇ ಡಿಗ್ರಿ!"

"ನೋಡಿದೆ," ಎಂದಳು ಅವಳು. "ಕೆಳಗೆ ನೀರಿನ ಪೈಪು ಹೆಪ್ಪುಗಟ್ಟಲ್ವಾ?"

ಓರೆಸ್ಟ್‌ಗೆ ಹಿಗ್ಗು ತಡೆಯಲಾಗಲಿಲ್ಲ. ಮೂರು ವರ್ಷದಲ್ಲಿ ಅವಳು ಒಂದು ವಸ್ತುವಿನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಹೀಟರ್ ಹಾಕಿಸಿ, ಅವಳನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಕೂತಿರು, ಈಗ ಬಂದು ಹೇಳ್ತೀನಿ," ಎಂದು ಹೊರಗೋಡಿದ. ಗಾಡಿಯ ಬದಿಯಲ್ಲಿ, ನೆಲದಡಿಯ ಸಾಮಾನು ಗೂಡಿನ ಬಾಗಿಲು ತೆರೆದು, ಟಾರ್ಚು, ಥರ್ಮಾಮೀಟರು, ನೋಟ್‌ಬುಕ್ಕು ಹಿಡಿದು, ಅರವತ್ತೆಂಟರ ವಯಸ್ಸಿನಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಪೈಪುಗಳ ತನಕ ಹೋದ.

ಉಪಕಾರ ಮಾಡದೆ ಇರಲಾರದ ವಾಸಿಲ್ ಅಲ್ಲಿಗೆ ಬಂದು ನೋಡಿದ. ಬಾಗಿಲು ತೆರೆದಿದೆ, ಒಳಗಿನ ಶಾಖ ಹಾಳಾಗುತ್ತಿದೆ. ಬೆಳಗಿನಿಂದ ಬೈಸಿಕೊಂಡವನಿಗೆ ಬುದ್ಧಿ ಬಂದಿತ್ತು. ಬಾಗಿಲು ತಳ್ಳಿ, ಚಿಲಕ ಬೀಳಿಸಿ, ಡಾರ್ಸಿಯ ಆಫೀಸಿಗೆ ರೋಲ್ ತಿನ್ನಲು ಹೋದ.

'ದುಮ್' ಎಂದಾಗ ಓರೆಸ್ಟ್ ತಲೆಯೆತ್ತಿ ತೊಲೆಗೆ ಹೊಡೆಸಿಕೊಂಡ. ಕೂಗಿದ. ಸ್ಕ್ರೂಡ್ರೈವರಿನಿಂದ ಮೇಲಿನ ಹಲಗೆಗೆ ಬಡಿದ. ಒಂದಡಿ ಮೇಲೆ ಅವನ ಹೆಂಡತಿ ಕೂತಿದ್ದಳು. ಆ ಒಂದಡಿಯಲ್ಲಿ ಎಷ್ಟು ಫೋಮ್ ತುಂಬಿತ್ತೆಂದರೆ ಕೂಗು ಅವನ ಬಾಯಿಗೇ ವಾಪಸ್ ಬಂತು. ಗುಣಮಟ್ಟಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು ಎಂದು ಅವನಿಗೆ ಅನ್ನಿಸಿತು. ಆಮೇಲೆ ಮತ್ತೆ ಕೂಗಿದ.

ಹತ್ತು ನಿಮಿಷದ ಮೇಲೆ ಸುಮ್ಮನಾಗಿ ಟಾರ್ಚ್ ಆರಿಸಿದ. ಕತ್ತಲೆಯಲ್ಲಿ ಪೈಪಿನೊಳಗಿನ ನೀರು ಎಲ್ಲೋ ಸಣ್ಣಗೆ ಗುಳುಗುಟ್ಟಿತು. ಊರಿನಲ್ಲಿ ಯಾರು ಕೆರೆಗಿಳಿಯುವುದಿದ್ದರೂ ಮೊದಲು ಓರೆಸ್ಟ್‌ಗೆ ಫೋನ್ ಮಾಡಿ ಐಸ್ ಎಷ್ಟು ದಪ್ಪ ಇರಬೇಕು ಎಂದು ಕೇಳುತ್ತಿದ್ದರು. ಆ ದಿನ ಮೈರನ್ ಕೂಡ ಕೇಳಿದ್ದ. ಹನ್ನೆರಡು ಇಂಚು ಸಾಕು, ಅಳೆದು ನೋಡು ಎಂದಿದ್ದ ಓರೆಸ್ಟ್. ಹುಡುಗ ಅಳೆದಿದ್ದ. ಎಷ್ಟು ಕಡೆ ಅಳೆಯಬೇಕು ಎಂದು ಅಪ್ಪ ಹೇಳಿರಲಿಲ್ಲ. ಇದನ್ನು ಅವನು ಸ್ಲಾವ್ಕಾಳಿಗೆ ಯಾವತ್ತೂ ಹೇಳಿರಲಿಲ್ಲ.

ಅವನು ಟಾರ್ಚ್ ಹೊತ್ತಿಸಿ ಥರ್ಮಾಮೀಟರ್ ನೋಡಿ ಬರೆದುಕೊಂಡ. ಹದಿನೇಳು.

ಆಫೀಸಿನಲ್ಲಿ ಪಾವ್ಲೀನಾ ಎರಡು ತುಂಡು ರೋಲ್ ಉಳಿದದ್ದು ನೋಡಿ, "ಓರೆಸ್ಟ್ ಎಲ್ಲಿ?" ಎಂದು ಕೇಳದಿದ್ದರೆ ಅವನು ಇನ್ನೂ ಎಷ್ಟು ಹೊತ್ತು ಒಳಗಿರುತ್ತಿದ್ದನೋ. ವಾಸಿಲ್ ಓಡಿಬಂದು ಚಿಲಕ ತೆಗೆದ. ಮೈನಸ್ ಹದಿನೆಂಟರಲ್ಲಿ ಓರೆಸ್ಟ್ ಬೆವರು ಒರೆಸಿಕೊಳ್ಳುತ್ತಾ ಹಿಮ್ಮುಖವಾಗಿ ಹೊರಬಂದ.

"ಒಳಗಿದ್ದೀನಿ ಅಂತ ಒಂದು ಮಾತು ಹೇಳೋಕೆ ಆಗಲ್ವೇನೋ?" ಎಂದು ವಾಸಿಲ್ ಗದರಿಸಿದ.

ಓರೆಸ್ಟ್ ಬೈಯಲಿಲ್ಲ. ಅವನ ಕಣ್ಣು ಕೈಗಡಿಯಾರದ ಮೇಲಿತ್ತು. ಎರಡೂವರೆ! ಸ್ಲಾವ್ಕಾ ಹೊರಡೋಣ ಎಂದು ಹೊರಗೆ ಬಂದಿರಲಿಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿ ಅವಳಿಗೆ ಎರಡು ಗಂಟೆ ಮರೆತುಹೋಗಿತ್ತು. ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ.

ಅವಳು ಅದೇ ಕುರ್ಚಿಯಲ್ಲಿದ್ದಳು. ಕೋಟು ಬಿಚ್ಚಿ ಪಕ್ಕದಲ್ಲಿ ಮಡಚಿಟ್ಟಿದ್ದಳು. ಬೂಟನ್ನೂ ಕಳಚಿದ್ದಳು.

"ಪೈಪು ಹೆಪ್ಪುಗಟ್ಟಲ್ಲ! ಹದಿನೇಳು ಡಿಗ್ರಿ ಇದೆ, ನಾನೇ ಒಳಗಿದ್ದು ನೋಡ್ದೆ!"

"ಗೊತ್ತಾಯ್ತು," ಎಂದಳು ಸ್ಲಾವ್ಕಾ. ಕೆನ್ನೆ ಕೆಂಪಾಗಿತ್ತು. "ಇದನ್ನೇ ತಗೊಳ್ಳೋಣ ಓರೆಸ್ಟ್."

ವಾಸಿಲ್ ಡಾರ್ಸಿಯ ಬೆನ್ನು ತಟ್ಟಿದ. ಪಾವ್ಲೀನಾ ಸ್ಲಾವ್ಕಾಳನ್ನು ತಬ್ಬಿಕೊಂಡಳು. ಓರೆಸ್ಟ್ ಕಿಟಕಿಯ ಕಡೆ ತಿರುಗಿ ಗಾಜಿನ ಪದರ ಪರೀಕ್ಷಿಸುವವನಂತೆ ನಿಂತು ಕಣ್ಣೊರೆಸಿಕೊಂಡ.

"ಶುಕ್ರವಾರದೊಳಗೆ ಮನೆ ಮುಂದೆ ತಂದು ನಿಲ್ಲಿಸ್ತೀನಿ," ಎಂದ ಡಾರ್ಸಿ.

"ಮನೆ ಮುಂದೆ ಅಲ್ಲ," ಎಂದಳು ಸ್ಲಾವ್ಕಾ. "ಚರ್ಚಿನ ಹಿಂದೆ. ಸ್ಮಶಾನದ ಬೇಲಿ ಪಕ್ಕ."

ಪಾವ್ಲೀನಾ ತಬ್ಬಿದ್ದ ಕೈ ಸಡಿಲಿಸಿದಳು.

"ಒಂದೂವರೆಯಿಂದ ಇಲ್ಲಿ ಕೂತು ನೋಡಿದೆ," ಎಂದು ಅವಳು ವಿವರಿಸಿದಳು. ಎಷ್ಟೋ ದಿನದ ಮೇಲೆ ಅವಳ ದನಿಯಲ್ಲಿ ಉತ್ಸಾಹವಿತ್ತು. "ಒಂದು ಗಂಟೆ ಆದ್ರೂ ಕಾಲು ತಣ್ಣಗಾಗಲಿಲ್ಲ. ಅಲ್ಲಿ ನಿಂತ್ರೆ ಹದಿನೈದು ನಿಮಿಷಕ್ಕೆ ಓಡಿ ಬರಬೇಕಾಗುತ್ತೆ, ಅವನೊಬ್ಬನ್ನೇ ಬಿಟ್ಟು. ಇದರಲ್ಲಾದ್ರೆ ಸಂಜೆವರೆಗೂ ಇರಬಹುದು. ಇಡೀ ಚಳಿಗಾಲ ಇರಬಹುದು."

"ಆದ್ರೆ ಯೂಮಾ..." ಎಂದ ಓರೆಸ್ಟ್.

"ಚಳೀನೇ ಆಗದ ಗಾಡಿ ಇರುವಾಗ ಬೆಚ್ಚಗಿನ ಊರಿಗೆ ಯಾಕೆ ಹೋಗ್ಬೇಕು? ಬೆಳಗ್ಗೆಯಿಂದ ನೀನೇ ತೋರಿಸಿದೆಯಲ್ಲ."

ಓರೆಸ್ಟ್ ಗೋಡೆಯತ್ತ ಹೋದ. ಕಿಟಕಿಯ ಚೌಕಟ್ಟಿಗೆ ಅಂಗೈ ಒತ್ತಿ, "ಇಲ್ಲಿ ಗಾಳಿ ಬರ್ತಿದೆ," ಎಂದ. "ನಾನು ಸರಿಯಾಗಿ ನೋಡಿರಲಿಲ್ಲ. ಜನವರಿಯಲ್ಲಿ ಮೈನಸ್ ನಲವತ್ತಾಗುತ್ತೆ, ಇದು ತಡೆಯಲ್ಲ."

ವಾಸಿಲ್ ಓರೆಸ್ಟ್‌ನ ಕೋಟಿನ ಜೇಬಿನಿಂದ ನೋಟ್‌ಬುಕ್ ಎಳೆದುಕೊಂಡ. ವಿಷಯ ಅವನ ತಲೆಗೆ ಇನ್ನೂ ಇಳಿದಿರಲಿಲ್ಲ. "ಸುಮ್ನಿರೋ! ನೀನೇ ಬರೆದಿದ್ದೀಯ ನೋಡು, ಗಂಟೆಗೆ ಐದು ಡಿಗ್ರಿ, ಅದೂ ಹೀಟರ್ ಇಲ್ಲದೆ. ಕಿಟಕಿ ಉತ್ತಮ. ಸಂದು ಇಲ್ಲ, ಅದರ ಕೆಳಗೆ ಎರಡು ಗೆರೆ ಎಳೆದಿದ್ದೀಯ."

"ವಾಸಿಲ್, ಬಾಯಿ ಮುಚ್ಕೋ," ಎಂದಳು ಪಾವ್ಲೀನಾ ಮೆಲ್ಲಗೆ.

"ಕರೆಂಟಿಗೆ ಏನ್ಮಾಡ್ತೀರಿ?" ಎಂದು ಕೇಳಿದ ಡಾರ್ಸಿ.

"ಚರ್ಚ್ ಹಾಲ್‌ನ ಗೋಡೇಲಿ ಪ್ಲಗ್ಗಿದೆ, ಕಾರಿನ ಇಂಜಿನ್ ಬೆಚ್ಚಗಿಡೋಕೆ ಹಾಕಿರೋದು. ಪಾದ್ರಿಗಳನ್ನ ನಾನು ಕೇಳ್ತೀನಿ." ಸ್ಲಾವ್ಕಾ ಎಲ್ಲವನ್ನೂ ಯೋಚಿಸಿಟ್ಟಿದ್ದಳು. "ಈ ಕಿಟಕಿ ಮೈರನ್ ಇರೋ ಮೂರನೇ ಸಾಲಿನ ಕಡೆ ಬರೋ ಹಾಗೆ ನಿಲ್ಲಿಸಿ. ನೀನೂ ಬರ್ತೀಯಲ್ಲ ಓರೆಸ್ಟ್? ಇನ್ನೊಂದು ಕುರ್ಚಿ ಇದೆ."

"ಬರ್ತೀನಿ," ಎಂದ ಓರೆಸ್ಟ್.

ಡಾರ್ಸಿ ಬರೆದುಕೊಂಡ. ಬರೆದು, ತಲೆ ಕೆರೆದು, "ಒಂದೇ ಕಡೆ ನಿಲ್ಲಿಸೋದಾದ್ರೆ ಚಕ್ರ ಬಿಚ್ಚಿ ದಿಮ್ಮಿ ಮೇಲೆ ಕೂರಿಸಿಬಿಡ್ತೀವಿ. ಟೈರು ಹಾಳಾಗಲ್ಲ," ಎಂದ.

"ಚಕ್ರ ಇರಲಿ," ಎಂದ ಓರೆಸ್ಟ್.

"ಯಾಕೆ ಸರ್?"

"ವಸಂತದಲ್ಲಿ ನೆಲ ಕರಗಿ ಸಡಿಲ ಆಗುತ್ತೆ. ದಿಮ್ಮಿ ವಾಲುತ್ತೆ."

ನೆಲ ಸಡಿಲವಾದರೆ ಚಕ್ರವೂ ಹೂತುಹೋಗುತ್ತದೆ, ಅದು ನಿಜವಾದ ಕಾರಣವಲ್ಲ ಎಂದು ಡಾರ್ಸಿಗೆ ಗೊತ್ತಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಸ್ಲಾವ್ಕಾ ಗಂಡನ ಕೋಟಿಗೆ ಅಂಟಿದ್ದ ಗೂಡಿನ ಧೂಳು ಕೊಡವುತ್ತಾ ನಕ್ಕಳು.

"ಇರಲಿ ಬಿಡಿ, ಅವನು ಹೇಳಿದ ಹಾಗೇ ಮಾಡಿ," ಎಂದಳು. "ಪಾಪ, ಅವನಿಗೆ ಮೊದಲಿಂದ್ಲೂ ಊರು ಸುತ್ತೋ ಆಸೆ."