ನನ್ನ ಕೊರಳಿಗೆ ಬಿದ್ದ ಆಲ್ಟೋ ಸ್ಯಾಕ್ಸೋಫೋನಿಗೆ

ಮಾನ್ಯ ಆಲ್ಟೋ ಸ್ಯಾಕ್ಸೋಫೋನ್ ಅವರೇ,

ವಾಂಕಾಯೋ ಪಟ್ಟಣದ ತೆಯೋದುಲೋ ಪೋಮಾ ಅವರ ವಾದ್ಯದಂಗಡಿಯಲ್ಲಿ, ಮಂತ್ರಿಗಳಿಗೂ ಒದಗದ ಗಾಂಭೀರ್ಯದಿಂದ ಗಾಜಿನ ಹಿಂದೆ ವಿರಾಜಮಾನರಾಗಿದ್ದ ತಮಗೆ ಈ ಕಣಿವೆಯ ಒಬ್ಬ ಸಾಮಾನ್ಯ ನಾಗರಿಕನ ನಮಸ್ಕಾರಗಳು.

ನನ್ನ ಉದ್ದೇಶ ಸಂಗೀತವಾಗಿರಲಿಲ್ಲ. ನನ್ನ ಮಗಳು ಮಾರುಹಾ ತೀರಿಕೊಂಡು ಬರುವ ತಿಂಗಳಿಗೆ ವರ್ಷ ತುಂಬುತ್ತದೆ. ಅಂದು ಚರ್ಚಿನಲ್ಲಿ ಬಲಿಪೂಜೆ ಮುಗಿದ ಮೇಲೆ ಬಂಧುಗಳು, ತಂದೆ ಶೋಕಕ್ಕೆಂದು ವರ್ಷಪೂರ್ತಿ ತೊಟ್ಟ ಕರಿಕೋಟನ್ನು ಕಳಚಿ, ವಾದ್ಯದವರ ಮುಂದೆ ಅವನನ್ನು ಕುಣಿಸಿ, ದುಃಖ ಇನ್ನು ಸಾಕೆಂದು ಊರಿಗೇ ಸಾರುತ್ತಾರೆ. ಯಾರನ್ನು ಕೇಳಿ ಸಾಕು? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದ ನಾನು ಈ ಪದ್ಧತಿಯಲ್ಲೊಂದು ಬಿರುಕನ್ನು ಪತ್ತೆಹಚ್ಚಿದೆ: ನಮ್ಮ ವಾದ್ಯಮೇಳದ ತುಂಬ ಇರುವ ಸ್ಯಾಕ್ಸೋಫೋನಿನವರು ಕರಿಕೋಟು ತೊಟ್ಟೇ ನುಡಿಸುತ್ತಾರೆ, ಅವರ ಕೋಟನ್ನು ಯಾರೂ ಕಳಚುವುದಿಲ್ಲ, ಅವರನ್ನು ಯಾರೂ ಕುಣಿಸುವುದಿಲ್ಲ. ಅಷ್ಟೊಂದು ಸ್ಯಾಕ್ಸೋಫೋನುಗಳ ಗದ್ದಲದಲ್ಲಿ ಒಂದು ಸುಮ್ಮನಿದ್ದರೆ ದೇವರಿಗೂ ತಿಳಿಯದು. ಹೀಗಾಗಿ ಆ ದಿನ ವಾದ್ಯದವರ ನಡುವೆ ಅಡಗಿ ನಿಲ್ಲಲೆಂದು, ಕಲಿಯುವವನ ಸೋಗು ಹಾಕಿ ಅಂಗಡಿಗೆ ಬಂದೆ.

ಮೊದಲು ಆರಿಸಿದ್ದು ತಮ್ಮನ್ನಲ್ಲ. ಮರೆಯಾಗಿ ನಿಲ್ಲಲು ಅನುಕೂಲವೆಂದು ದೈತ್ಯಾಕಾರದ ಬ್ಯಾರಿಟೋನ್ ಸ್ಯಾಕ್ಸೋಫೋನ್ ಕೇಳಿದೆ. "ವಾರೋಕ್ ಸಾಹೇಬ್ರೇ, ಅದನ್ನ ಹೊತ್ಕೊಂಡು ನಿಂತ್ರೆ ಮುಂದಿನ ಪೂಜೆ ನಿಮ್ಮ ಹೆಸರಲ್ಲೇ," ಎಂದರು ಪೋಮಾ. ಹಾಗಾದರೆ ಆ ಪುಟ್ಟ ಸೊಪ್ರಾನೋ? "ಗಾತ್ರ ನೋಡಿ ಮೋಸ ಹೋಗ್ಬೇಡಿ. ಹೊಸಬ್ರ ಕೈಗೆ ಸಿಕ್ರೆ ಬಾಲ ತುಳಿದ ಬೆಕ್ಕಿನ ಥರ ಕಿರುಚುತ್ತೆ. ಆಲ್ಟೋ ತಗೊಳ್ಳಿ. ಹೊಳಪು ಗಿಳಪು ಬಿಡಿ, ಗಾಳಿ ಸೋರಬಾರದು ಅಷ್ಟೆ."

ತಾವು ಸೋರಲಿಲ್ಲ, ಸೋರಿದವನು ನಾನು. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಊದಿದಾಗ ತಾವು ಹೊರಡಿಸಿದ ಸದ್ದಿಗೆ ಬಾಗಿಲಾಚೆ ಆಲೂಗಡ್ಡೆ ಮಾರುತ್ತಿದ್ದ ಹೆಂಗಸು ಶಿಲುಬೆಯ ಗುರುತು ಹಾಕಿಕೊಂಡಳು. ಪೋಮಾ ನನ್ನ ಎದೆಗೆ ಬೆರಳಿಟ್ಟು ಒತ್ತಿದರು. "ಪಕ್ಕೆಲುಬು ಅರಳೋಕೆ ಜಾಗಾನೇ ಇಲ್ವಲ್ರೀ! ನಮ್ಮ ವಾದ್ಯದೋರ ಕೋಟು ದೊಗಳೆ ಇರುತ್ತೆ. ಈ ಬಿಗಿ ಕೋಟಿನೊಳಗೆ ಇಷ್ಟು ದಿನ ಹೇಗೆ ಉಸಿರಾಡಿದ್ರಿ? ಬಿಚ್ಚಿ ಅತ್ಲಾಗೆ."

ಬಿಚ್ಚಿದೆ. ಪಾದ್ರಿಗಳಿಂದ, ಭಾವಮೈದುನರಿಂದ, ವರ್ಷವಿಡೀ ಅತ್ತ ನನ್ನ ಪತ್ನಿಯಿಂದ ಆಗದ ಕಾರ್ಯವನ್ನು ಮಾತೇ ಬಾರದ ತಾವು, ಅಪರಿಚಿತ ಗಿರಾಕಿಗಳ ಸಮಕ್ಷಮದಲ್ಲಿ ಸಾಧಿಸಿದ್ದೀರೆಂಬುದನ್ನು ಅಭಿನಂದನೆಗಳೊಂದಿಗೆ ದಾಖಲಿಸುತ್ತೇನೆ. ಆಮೇಲೆ ಹೊರಟ ಸ್ವರ ಉದ್ದವಾಗಿತ್ತು, ಕರ್ಕಶವಾಗಿತ್ತು, ನನಗದನ್ನು ನಿಲ್ಲಿಸಲಾಗಲಿಲ್ಲ. ಮಾರುಹಾ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆದ್ದರಿಂದ ತಾವು ದಯಮಾಡಿ, ನಾನು ಕೋಟು ಬಿಚ್ಚಲೇ ಇಲ್ಲವೆಂದು ಸಾಕ್ಷಿ ನುಡಿಯಬೇಕು. ಆ ದಿನ ನನ್ನ ಉಸಿರಿನ ಹಂಗಿಲ್ಲದೆ ತಾವೇ ತಾವಾಗಿ ಮೊಳಗಬೇಕು. ಇವೆರಡೂ ಆಗದಿದ್ದರೆ, ದುಃಖ ಸಾಕೆನ್ನುವ ಪಕ್ಷದ ವಾದವನ್ನಾದರೂ ಲಿಖಿತವಾಗಿ ಮಂಡಿಸಬೇಕು, ಏಕೆಂದರೆ ಊದಿದ ನನಗೆ ಅದನ್ನು ಖಂಡಿಸುವ ಹಕ್ಕು ಇದ್ದೇ ಇದೆ.

ಮಂಡನೆಗೆ ಮುನ್ನವೇ ಸೋತ, ಆದರೂ ತಮ್ಮ ವಿಶ್ವಾಸಿ,
ಸೆನೋಬಿಯೋ ವಾರೋಕ್

ತಾ.ಕ.: ತಮ್ಮನ್ನು ಕೊಂಡುಕೊಂಡಿದ್ದೇನೆ, ಇದನ್ನು ಮೆಚ್ಚುಗೆಯೆಂದು ತಪ್ಪಾಗಿ ಭಾವಿಸಬಾರದು. ಪತ್ರವನ್ನೋದಿದ ನನ್ನ ಪತ್ನಿ, "ಸರಿ ಕಣ್ರೀ, ಕೋಟಿನ ಕಥೆ ಮುಗೀತು. ಕುಣಿಯೋದು ಯಾವಾಗ?" ಎಂದು ಕೇಳುತ್ತಿದ್ದಾಳೆ. ಉತ್ತರವನ್ನು ತಾವೇ ಕೊಡತಕ್ಕದ್ದು. ನನ್ನಲ್ಲಿದ್ದ ಉಸಿರನ್ನೆಲ್ಲ ತಮಗೇ ಕೊಟ್ಟುಬಿಟ್ಟಿದ್ದೇನೆ.