ಬಿರುಗಾಳಿಗೆ ಧನುರ್ಮಾಸವಿಲ್ಲ

ಬೇರೆಯವರ ಮನೆಯ ಚಾವಣಿ ಹಾರಿಹೋದ ಸುದ್ದಿ ಬರೆಯುವುದಕ್ಕೆ ಧೈರ್ಯವೇನೂ ಬೇಕಾಗುವುದಿಲ್ಲ. ಎಲ್ಲಿ, ಯಾವಾಗ, ಯಾರಿಗೆ ಪೆಟ್ಟಾಯಿತು ಎಂದು ವಿಚಾರಿಸಿ, ವಿಶೇಷಣಗಳನ್ನೆಲ್ಲ ಕಿತ್ತುಹಾಕಿ, ‘ಭೀಕರ ಗಾಳಿ’ ಎಂದು ಬರೆದು ತಂದ ವರದಿಗಾರರನ್ನು ‘ಭೀಕರ ಅಂತ ಹೇಳಿದವರು ಯಾರು?’ ಎಂದು ಕೇಳಿದರೆ ಕೆಲಸ ಮುಗಿಯಿತು. ಸಿಡ್ನಿಯ ಒಂದು ಸುದ್ದಿಮನೆಯಲ್ಲಿ ಕುಳಿತು ವರ್ಷಗಟ್ಟಲೆ ಇದನ್ನೇ ಮಾಡಿರುವ ನನಗೆ ಸಹೋದ್ಯೋಗಿಗಳ ನಡುವೆ ಗಟ್ಟಿ ಎದೆಯ ಮನುಷ್ಯನೆಂಬ ಹೆಸರಿದೆ. ಆ ಹೆಸರು ಮಾತ್ರ ನನ್ನ ಜೊತೆ ಮೆಟ್ರೋ ಹತ್ತಿ ಕೆಲ್ಲಿವಿಲ್‌ನ ಮನೆಯವರೆಗೆ ಬರುವುದಿಲ್ಲ. ಮನೆಯಲ್ಲಿ ನಾನು ಕಿಟಕಿಯ ಬ್ಲೈಂಡ್ ಪಟಪಟ ಎಂದರೂ ಎದ್ದು ಕೂರುವವನು.

ಈ ಅಂಜಿಕೆಗೆ ಒಂದು ಕಾರಣವಿದೆ. ಹಿಂದಿನ ಬೇಸಿಗೆಯ ಒಂದು ಸಂಜೆ ಗಾಳಿ ಎದ್ದು, ಪಕ್ಕದ ಮನೆಯ ಮಕ್ಕಳು ಹತ್ತಿ ಕುಣಿಯುವ ಟ್ರ್ಯಾಂಪೊಲಿನ್ ಬೇಲಿ ಹಾರಿ ಬಂದು ನಮ್ಮ ಅಡುಗೆಮನೆಯ ಕಿಟಕಿಯ ಆಚೆ ಕಾಲು ಮೇಲೆ ಮಾಡಿಕೊಂಡು ಬಿದ್ದಿತು. ಗಾಜು ಒಡೆಯಲಿಲ್ಲ. ಆದರೆ ಅಂದಿನಿಂದ ಮೋಡ ಕಪ್ಪಾದಾಗಲೆಲ್ಲ ನನ್ನ ಕಣ್ಣು ನೆರೆಹೊರೆಯವರ ಅಂಗಳದಲ್ಲಿ ಹಾರಬಲ್ಲ ವಸ್ತುಗಳನ್ನು ಹುಡುಕತೊಡಗಿತು. ಬಾರ್ಬೆಕ್ಯೂ ಒಲೆ, ಕಸದ ಡಬ್ಬಿ, ಬಟ್ಟೆ ಒಣಗಿಸುವ ಕಂಬ. ಎಲ್ಲವೂ ನನ್ನ ಕಡೆಗೇ ಮುಖ ಮಾಡಿ ನಿಂತಿರುವಂತೆ ಕಾಣುತ್ತಿತ್ತು. ಕೊನೆಗೆ ಹಿತ್ತಲಲ್ಲಿ ನೆಲ ಅಗೆಸಿ, ಕಾಂಕ್ರೀಟಿನ ಒಂದು ಕೋಣೆ ಹೂಳಿಸಿ, ಮೇಲೆ ಕಬ್ಬಿಣದ ಬಾಗಿಲು ಹಾಕಿಸಿಬಿಟ್ಟೆ. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ, “ಅಪ್ಪಾ, ಯೂ ಬಿಲ್ಟ್ ಎ ಬಂಕರ್? ಸೀರಿಯಸ್ಲಿ?” ಎಂದು ನಕ್ಕಳು. ಅವಳು ಟ್ರ್ಯಾಂಪೊಲಿನ್ ನೋಡಿರಲಿಲ್ಲ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದು ನನ್ನ ಅತ್ತೆಯವರನ್ನು. ಉಡುಪಿಯ ಕಡೆಯವರಾದ ಅವರು ಕೆಲವು ವರ್ಷಗಳಿಂದ ನಮ್ಮ ಜೊತೆಗೇ ಇದ್ದಾರೆ. ಕೆಲಸದವರು ಮಾತು ತಪ್ಪಿ ತಪ್ಪಿ ಕೊನೆಗೂ ಕೋಣೆ ಮುಗಿಸಿ ಬೀಗದ ಕೈ ಕೊಟ್ಟ ದಿನ, ಅತ್ತೆ ಬಾಗಿಲ ಬಳಿ ನಿಂತು ಒಳಗೆ ಇಣುಕಿ, ಸೆರಗು ಸರಿಪಡಿಸಿಕೊಂಡು ಹಿಂದೆ ಸರಿದರು.

“ಈಗ ಇಳಿಲಿಕ್ಕೆ ಆಗುದಿಲ್ಲ. ಧನುರ್ಮಾಸ ಸುರುವಾಯ್ತಲ್ಲ. ಸಂಕ್ರಾಂತಿ ಕಳಿಲಿ, ಗೃಹಪ್ರವೇಶ ಮಾಡಿಯೇ ಇಳಿವ.”

“ಅತ್ತೆ, ಇದು ಮನೆ ಅಲ್ಲ. ಗಾಳಿ ಬಂದ್ರೆ ಬಚ್ಚಿಟ್ಟುಕೊಳ್ಳೋ ಗುಂಡಿ.”

“ಬಾಗಿಲುಂಟು, ಮೆಟ್ಲುಂಟು, ಮಲಗ್ಲಿಕ್ಕೆ ಬೆಂಚುಂಟು. ಮನೆ ಅಲ್ಲದೆ ಮತ್ತೆಂತ ಮಾರಾಯ್ರೆ?”

ನನ್ನ ಹೆಂಡತಿ ವೀಣಾ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ವಿಜ್ಞಾನ ಓದಿದವಳು ನನ್ನ ಪಕ್ಷ ವಹಿಸುತ್ತಾಳೆಂದು ಅವಳ ಮುಖ ನೋಡಿದೆ. ಅವಳು, “ಒಂದು ತಿಂಗಳು ತಾನೇ? ಅಮ್ಮನ ಮನಸ್ಸಿಗೆ ಯಾಕೆ ಬೇಜಾರು ಮಾಡ್ತೀರಿ?” ಎಂದಳು. ಭಟ್ಟರಿಗೆ ಫೋನ್ ಮಾಡಿದೆ. ವಾರದ ದಿನಗಳಲ್ಲಿ ಕಂಪ್ಯೂಟರ್ ಕೆಲಸ, ವಾರಾಂತ್ಯದಲ್ಲಿ ಪೌರೋಹಿತ್ಯ ಮಾಡುವ ಅವರು ಇಂಥ ವಿಷಯದಲ್ಲಿ ಉದಾರಿಗಳು. “ಶೆಡ್ ಅಂತಂದ್ರೆ ಏನೂ ಬೇಡ ಸರ್. ಆದ್ರೆ ದೊಡ್ಡವರು ಮನೆ ಅಂದ್ಮೇಲೆ ಮನೇನೇ. ಸಂಕ್ರಾಂತಿ ಆಗ್ಲಿ, ನಾನೇ ಬಂದು ಹಾಲು ಉಕ್ಕಿಸ್ತೀನಿ” ಎಂದರು. ಒಳಗೆ ಬೆಂಕಿ ಹಚ್ಚುವಂತಿಲ್ಲ, ಗಾಳಿ ಸಾಲುವುದಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, “ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಉಕ್ಕುತ್ತಾ ನೋಡೋಣ” ಎಂದರು.

ಸಮಸ್ಯೆ ಏನೆಂದರೆ ಇಲ್ಲಿ ಡಿಸೆಂಬರ್ ಎಂದರೆ ಬೇಸಿಗೆ; ಸಿಡ್ನಿಯ ಗುಡುಗು ಗಾಳಿಗಳ ಕಾಲವೂ ಈ ಧನುರ್ಮಾಸವೂ ಕೈ ಕೈ ಹಿಡಿದುಕೊಂಡೇ ಬರುತ್ತವೆ. ಪಂಚಾಂಗ ಮಾಡಿದ ಹಿರಿಯರ ಮನಸ್ಸಿನಲ್ಲಿ ಕೆಲ್ಲಿವಿಲ್ ಇರಲಿಲ್ಲ.

ಸಂಕ್ರಾಂತಿಗೆ ಇನ್ನೂ ಕೆಲವು ದಿನಗಳಿರುವಾಗ, ಒಂದು ಮಧ್ಯಾಹ್ನ ಇಡೀ ಊರು ಬಾಣಲೆಯಾಗಿ ಕಾದಿತ್ತು. ಮೂರೂ ಜನ ಮನೆಯಲ್ಲಿದ್ದೆವು. ಪಶ್ಚಿಮದಲ್ಲಿ ಮೋಡ ಎದ್ದಿತು. ಅದರ ಬಣ್ಣ ಕಪ್ಪಲ್ಲ, ಹಳೆಯ ತಾಮ್ರದ ಪಾತ್ರೆಗೆ ಹತ್ತಿದ ಕಿಲುಬಿನ ಹಸಿರು. ಹಕ್ಕಿಗಳು ಒಮ್ಮೆಲೇ ಸುಮ್ಮನಾದವು. ನನ್ನ ಫೋನೂ ವೀಣಾಳ ಫೋನೂ ಒಟ್ಟಿಗೆ ಕಿರುಚಿಕೊಂಡವು: ವಿನಾಶಕಾರಿ ಗಾಳಿ, ದೊಡ್ಡ ಆಲಿಕಲ್ಲು, ತಕ್ಷಣ ಆಶ್ರಯ ಪಡೆಯಿರಿ. ‘ವಿನಾಶಕಾರಿ’ ಎಂಬ ವಿಶೇಷಣವನ್ನು ಹೊಡೆದುಹಾಕಬೇಕೆಂದು ಜೀವನದಲ್ಲಿ ಮೊದಲ ಸಲ ನನಗೆ ಅನ್ನಿಸಲಿಲ್ಲ.

“ಅತ್ತೆ, ಏಳಿ. ಕೆಳಗೆ ಹೋಗೋಣ.”

“ನೀವು ಹೋಗಿ. ನಾನು ದೇವರ ಮುಂದೆ ಕೂತ್ಕೊಳ್ತೇನೆ. ಪ್ರವೇಶ ಆಗದ ಜಾಗಕ್ಕೆ ಜೀವ ಉಳಿಸ್ಲಿಕ್ಕೆ ಹೋದ್ರೆ ಜೀವವೇ ಹೋದೀತು.”

“ಅಮ್ಮ ಬಾರದೆ ನಾನೂ ಬರೋದಿಲ್ಲ” ಎಂದಳು ವೀಣಾ.

ಮುಂದಿನದನ್ನು ಸ್ಥಳದಲ್ಲಿದ್ದವರ ಹೇಳಿಕೆಯ ಆಧಾರದ ಮೇಲೆ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಸರಿಯಾಗಿ ನೆನಪಿಲ್ಲ. ಬಾಗಿಲು ತೆರೆದಿಟ್ಟು ಬರುತ್ತೇನೆಂದು ನಾನು ಹಿತ್ತಲಿಗೆ ಓಡಿದೆನಂತೆ. ಅಷ್ಟರಲ್ಲಿ ಮೊದಲ ಆಲಿಕಲ್ಲು ಪಕ್ಕದ ಮನೆಯ ಶೆಡ್ಡಿನ ತಗಡಿಗೆ ಬಡಿಯಿತಂತೆ. ನನಗೆ ಗೊತ್ತಿರುವುದು ಇಷ್ಟೇ: ನಾನು ಕೆಳಗೆ ಕತ್ತಲಲ್ಲಿದ್ದೆ, ಎರಡು ಕೈಯಲ್ಲೂ ಬೆಂಚನ್ನು ಹಿಡಿದುಕೊಂಡಿದ್ದೆ, ಅವರಿಬ್ಬರೂ ಮೇಲಿದ್ದರು.

ತೆರೆದ ಬಾಗಿಲಿನ ಚೌಕದಲ್ಲಿ ಹಸಿರು ಆಕಾಶ ಕಾಣುತ್ತಿತ್ತು. ಯಾರದೋ ಬೇಲಿಯ ಹಲಗೆ ಅದರಲ್ಲಿ ಅಡ್ಡ ಹಾಯ್ದುಹೋಯಿತು. ನಮ್ಮ ಮನೆಯ ಹೆಂಚುಗಳು ಒಂದರ ಮೇಲೊಂದು ಕಟಕಟ ಎನ್ನುತ್ತಿದ್ದವು. ಮೇಲೆ ಹೋಗಿ ಇಬ್ಬರನ್ನೂ ಎತ್ತಿಕೊಂಡಾದರೂ ತರಬೇಕು ಎಂದು ತಲೆ ಹೇಳುತ್ತಿತ್ತು. ಕಾಲು ಕೇಳುತ್ತಿರಲಿಲ್ಲ. ಮೊದಲ ಮೆಟ್ಟಿಲ ಮೇಲೆ ಒಂದು ಪಾದ ಇಟ್ಟು, “ವೀಣಾ! ಅತ್ತೆ!” ಎಂದು ಕೂಗಿದೆ. ಗಾಳಿ ಆ ಕೂಗನ್ನು ನನ್ನ ಬಾಯಿಗೇ ತುರುಕಿತು. ಅವರಿಬ್ಬರಿಗೂ ಏನಾದರೂ ಆದರೆ ಮಗಳಿಗೆ ಏನು ಹೇಳಲಿ ಎಂಬ ಒಂದೇ ಯೋಚನೆ ಎದೆಯಲ್ಲಿ ಸುತ್ತುತ್ತಿತ್ತು.

ಆಗ ದೇವರ ಕೋಣೆಯ ಕಡೆ ಹೆಂಚು ಕುಸಿದ ಸದ್ದಾಯಿತು, ಹಿಂದೆಯೇ ಅಡುಗೆಮನೆಯ ಹಿಂಬಾಗಿಲು ತೆರೆಯಿತು. ವೀಣಾಳ ತಲೆಯ ಮೇಲೆ ಕುಕ್ಕರ್, ಅತ್ತೆಯ ತಲೆಯ ಮೇಲೆ ದೊಡ್ಡ ಸ್ಟೀಲ್ ಪರಾತ. ಆಲಿಕಲ್ಲು ಅದರ ಮೇಲೆ ಜಾಗಟೆ ಬಾರಿಸುತ್ತಿತ್ತು. ಅತ್ತೆ ಬಾಗಿಲ ಬಳಿ ನಿಂತು ಕೆಳಗೆ ಇಣುಕಿದರು. ನಾನು ಇನ್ನೂ ಮೊದಲ ಮೆಟ್ಟಿಲ ಮೇಲೆ ಒಂದು ಪಾದ ಇಟ್ಟುಕೊಂಡೇ ನಿಂತಿದ್ದೆ.

“ಅಮ್ಮಾ, ಇವರು ಒಳಗೆ ಹೋಗಿಬಿಟ್ಟಿದ್ದಾರಲ್ಲ! ಪ್ರವೇಶ ಆಗ್ಲಿಲ್ಲ ಅಂತಿದ್ದೆಯಲ್ಲ?” ಎಂದು ವೀಣಾ ಕಿರುಚಿದಳು.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. “ತೊಂದರೆ ಇಲ್ಲ. ಮೊದ್ಲು ಹಸು ಹೋಗ್ಬೇಕಲ್ಲ? ಹೋಯ್ತು. ಇನ್ನು ನಾವು ಇಳಿವ.”

ಬಲಗಾಲು ಮುಂದಿಟ್ಟು ಇಳಿದರು. ವೀಣಾ ಬಾಗಿಲೆಳೆದು ಚಿಲಕ ಹಾಕಿದಳು. ಕತ್ತಲಲ್ಲಿ ಅತ್ತೆಯ ಬೆರಳು ನನ್ನ ಹಣೆ ಹುಡುಕಿ ಕುಂಕುಮ ಇಟ್ಟಿತು. ಆಮೇಲೆ ದೇವರ ಮುಂದಿನಿಂದ ತಂದು ಸೊಂಟಕ್ಕೆ ಸಿಕ್ಕಿಸಿದ್ದ ಬಾಳೆಹಣ್ಣು ತೆಗೆದು ನನ್ನ ಬಾಯಿಯ ಹತ್ತಿರ ಹಿಡಿದರು.

ಯಾವ ಆರೋಪಕ್ಕೂ ಸಂಬಂಧಪಟ್ಟವರ ಪ್ರತಿಕ್ರಿಯೆ ಪಡೆಯಬೇಕೆಂಬುದು ನಮ್ಮ ವೃತ್ತಿಯ ನಿಯಮ. ನಿರಾಕರಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ತಲೆಯ ಮೇಲೆಯೇ ಏನೋ ದೊಡ್ಡದು ಮುರಿದು ಬಿದ್ದು ನೆಲ ಅದುರಿತು. ನಾನು ಬಾಯಿ ಮುಚ್ಚಿ ಬಾಳೆಹಣ್ಣು ತಿಂದೆ. ಸಿಪ್ಪೆ ಸುಲಿದಿರಲಿಲ್ಲವೆಂಬುದು ಪೂರ್ತಿ ನುಂಗಿದ ಮೇಲೆ ಗೊತ್ತಾಯಿತು.