ಪೆಡಲ್ ತುಳಿಯಲು ಬಿಡದ ಊರುಗಳು

ಸೈಕಲ್ ಹತ್ತುವುದು ಕಷ್ಟವಲ್ಲ, ನಮ್ಮ ಸೀಮೆಯಲ್ಲಿ ಅದರ ಮೇಲೆ ಕುಳಿತೇ ಇರುವುದು ಕಷ್ಟ. ನಾನು ಹೊರಟಾಗಲೆಲ್ಲ ಯಾರಾದರೊಬ್ಬರು ಇಳಿಸಿಯೇ ಇಳಿಸುತ್ತಾರೆ, ಅದೂ ಪ್ರೀತಿಯಿಂದ. ಬೈದು ಇಳಿಸಿದ್ದರೆ ತಿರುಗಿ ಬೈಯಬಹುದಿತ್ತು.

ರೋಣದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ಬಿ.ಎ.ದಲ್ಲಿ ಇತಿಹಾಸ ಓದಿಕೊಂಡು, ಆಮೇಲೆ ಇಡೀ ಆಯುಷ್ಯ ಮಂದಿಯನ್ನು ಊರೂರಿಗೆ ಕಳಿಸಿದೆನೇ ಹೊರತು ನಾನು ಎಲ್ಲಿಗೂ ಹೋಗಲಿಲ್ಲ. ಕಾರವಾರದ ಕಡಲನ್ನು ಕಂಡಿದ್ದು ಬಸ್ಸಿನ ಬೋರ್ಡಿನ ಮೇಲೆ ಮಾತ್ರ. ಹೀಗಾಗಿ ನಿವೃತ್ತಿಯಾದ ಕೂಡಲೇ ಗೇರಿನ ಸೈಕಲ್ ತಗೊಂಡೆ. ಹುಬ್ಬಳ್ಳಿಯ ಒಂದು ತಂಡ ಕಾರವಾರದಿಂದ ಕಡಲ ದಂಡೆ ಹಿಡಿದು ಗೋಕರ್ಣ, ಮಿರ್ಜಾನ ಕೋಟೆ ನೋಡುತ್ತ ಮುರುಡೇಶ್ವರದ ತನಕ ಸೈಕಲ್ ಮೇಲೆ ಹೋಗುತ್ತದೆಂದು ಗೊತ್ತಾಗಿ, ನನ್ನನ್ನೂ ಸೇರಿಸಿಕೊಳ್ಳಿರೆಂದು ಫೋನ್ ಮಾಡಿದೆ. ತಂಡದ ಮುಖ್ಯಸ್ಥೆ ನನ್ನ ಮಗಳ ವಯಸ್ಸಿನವಳು. ಒಂದೇ ಷರತ್ತು ಹಾಕಿದಳು.

“ನಿಮ್ಮ ಕಡೆ ಕೋಟೆ, ಗುಡಿ ಬೇಕಾದಷ್ಟು ಅದಾವಲ್ರಿ ಸರ್. ರೋಣದಿಂದ ಯಾವುದರೆ ಒಂದಕ್ಕ ಪೂರಾ ಸೈಕಲ್ ಮ್ಯಾಲೆ ಹೋಗಿ ಮುಟ್ರಿ. ನಡುವ ಯಾವ ಗಾಡಿನೂ ಹತ್ತಬಾರದು.”

“ಅಷ್ಟ ಏನ್ರಿ?” ಅಂತ ನಕ್ಕೆ. ಅದೇ ನನ್ನ ಕಡೆಯ ನಗು.

ಓಣಿ ದಾಟುವಾಗ

ಮೊದಲ ದಿನ ಹೆಲ್ಮೆಟ್ ಹಾಕಿಕೊಂಡು ಹೊರಬಿದ್ದೆ. ನಾಲ್ಕನೇ ಮನೆಯ ಅಜ್ಜಿ ಅಡ್ಡ ನಿಂತಳು.

“ಮಗ ಗಾಡಿ ಕಸ್ಗೊಂಡ್ನೇನೋ ತಮ್ಮಾ?”

“ಇಲ್ಲವ್ವ. ಇದನ್ನ ನಾನ ಬೇಕಂತ ತಗೊಂಡೀನಿ.”

“ಹ್ಞೂಂ,” ಅಂತ ಉಸಿರು ಬಿಟ್ಟಳು. “ಹೆತ್ತವರು ಮಕ್ಕಳನ್ನ ಎಲ್ಲಿ ಬಿಟ್ಟುಕೊಡ್ತಾರ.”

ಸಂಜೆಯೊಳಗೆ ನರೇಗಲ್ಲಿನಿಂದ ನಾದಿನಿ, ಹೊಳೆಆಲೂರಿನಿಂದ ಬೀಗರು, ಒಬ್ಬರಾದ ಮೇಲೊಬ್ಬರು ಹೆಂಡತಿಗೆ ಫೋನ್ ಮಾಡಿದರು. ನನ್ನ ಪಿಂಚಣಿ ನಿಂತಿದೆಯೇ ಎಂಬುದು ಎಲ್ಲರ ಪ್ರಶ್ನೆ.

“ನೀವು ಸೈಕಲ್ ಮ್ಯಾಲೆ ಆರಾಮ ಹೋಗ್ರಿ,” ಅಂದಳು ಹೆಂಡತಿ. “ನನ್ನ ಮಾನ ಕ್ಯಾರಿಯರ್ ಮ್ಯಾಲೆ ಕುಂತು ನಿಮ್ಮ ಹಿಂದ ಬರ್ತೈತಿ.”

“ಈ ಸೈಕಲ್ಲಿಗೆ ಕ್ಯಾರಿಯರ್ ಇರೂದಿಲ್ಲ.”

“ಹಂಗಾರ ನಡಕೊಂಡ ಬರ್ತೈತಿ.”

ಬಸ್ಸಿನ ಮರ್ಯಾದೆ

ಆಮೇಲೆ ಗಜೇಂದ್ರಗಡದ ದಾರಿ ಹಿಡಿದೆ. ಊರು ಬಿಟ್ಟು ಸ್ವಲ್ಪ ದೂರ ಹೋಗಿದ್ದೆ, ಹಿಂದಿನಿಂದ ಬಂದ ಬಸ್ಸು ಪಕ್ಕದಲ್ಲೇ ನಿಂತಿತು. ನಾನು ಕೈ ಮಾಡಿರಲಿಲ್ಲ, ಅಲ್ಲಿ ನಿಲುಗಡೆಯೂ ಇರಲಿಲ್ಲ. ಕಂಡಕ್ಟರ್ ಇಳಿದು ಸೀದಾ ಸೈಕಲ್ಲಿಗೇ ಕೈ ಹಾಕಿದ.

“ಏರ್ರಿ ಸಾಹೇಬ್ರ.”

“ಬ್ಯಾಡಪಾ. ಸೈಕಲ್ ಮ್ಯಾಲೇ ಹೋಗಬೇಕು ನಾ.”

“ಹಂಗ ಮಾಡಬ್ಯಾಡ್ರಿ. ಕಂಟ್ರೋಲರ್ ಸಾಹೇಬ್ರ ಬಸ್ ಹತ್ತವಲ್ರು ಅಂದ್ರ ಮಂದಿ ಏನ ತಿಳ್ಕೋತಾರ? ಒಳಗಿನ ಸುದ್ದಿ ಬಲ್ಲವರು, ಬಸ್ಸಿನಾಗ ಏನೋ ಐತಿ ಅಂತಾರ.”

ಅಷ್ಟರಲ್ಲಿ ಕಿಟಕಿಯ ಹತ್ತಿರ ಕುಳಿತಿದ್ದ ಹಿರಿಯರೊಬ್ಬರು ಕೈಚೀಲ ಎತ್ತಿಕೊಂಡು ಎದ್ದೇ ಬಿಟ್ಟರು. “ತಡೀರಿ, ನಾನೂ ಇಳೀತೀನಿ.”

ಬಸ್ಸಿನ ಮರ್ಯಾದೆ ಉಳಿಸಲು ನಾನು ಹತ್ತಲೇಬೇಕಾಯಿತು. ಎಲ್ಲ ಮುಗಿದುಹೋಯಿತೆಂಬ ದುಃಖದಲ್ಲಿ ಕಿಸೆಗೆ ಕೈ ಹಾಕಿ ಟಿಕೆಟ್ ಕೇಳಿದೆ.

“ನಿಮಗ ಹಿರಿಯರ ರಿಯಾಯಿತಿ ಐತ್ರಿ,” ಅಂದ ಕಂಡಕ್ಟರ್. “ಸೈಕಲ್ ಹೊಸಾದು, ಅದಕ್ಕ ಪೂರಾ ಕೊಡ್ರಿ.”

ಗಾಳಿ ಇರುವ ಹೊಲ

ಬಸ್ಸಿನವರ ಕಣ್ಣು ತಪ್ಪಿಸಲು ಮುಂದಿನ ವಾರ ನರೇಗಲ್ ಸುತ್ತಿ ಒಂದು ಗುಡಿಗೆ ಹೊರಟೆ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ಕಂಬಗಳು ಕಾಣುವ ಜಾಗದಲ್ಲಿ ನಿಂತು ನೀರು ಕುಡಿದು, ಫೋನಿನಲ್ಲಿ ದಾರಿ ನೋಡುತ್ತಿದ್ದೆ. ತಲೆಯ ಮೇಲೆ ಹೆಲ್ಮೆಟ್, ಕೈಯಲ್ಲಿ ನಕಾಶೆ. ಇನ್ನೇನು ಬೇಕು? ಒಬ್ಬ ರೈತ ಓಡಿ ಬಂದ.

“ಕಂಬಾ ಹಾಕಾಕ ನಮ್ಮ ಹೊಲಾ ನೋಡ್ರಿ ಸಾಹೇಬ್ರ. ಗಾಳಿ ಭಾಳ ಐತಿ. ಮುಂಜಾನಿ ಒಣಹಾಕಿದ ಧೋತರ ಸಂಜಿಗೆ ಮಂದಿ ಹೊಲದಾಗ ಸಿಗತೈತಿ.”

ಪಕ್ಕದ ಹೊಲದವನು ಬದು ಹಾರಿ ಬಂದ. “ಅವಂದು ಮಂದಿ ಹೊಲದಾಗರೆ ಸಿಗತೈತ್ರಿ. ನಂದು ಇನ್ನೂ ಸಿಕ್ಕಿಲ್ಲ.”

“ನಾ ಕಂಪನಿಯವ ಅಲ್ಲಪಾ. ಗುಡಿ ನೋಡಾಕ ಹೊಂಟೀನಿ.”

“ಕಂಪನಿಯವರು ಮೊದಲ ಹಿಂಗ ಹೇಳ್ತಾರ,” ಅಂತ ಇಬ್ಬರೂ ಆ ಒಂದು ಮಾತಿಗೆ ಒಂದಾದರು. ನನ್ನನ್ನು ಬೈಕಿನ ಮೇಲೆ ತಮ್ಮ ನಡುವೆ ಕೂರಿಸಿ, ಒಂದು ಹೊಲವಾದ ಮೇಲೆ ಇನ್ನೊಂದು ತೋರಿಸಿದರು. ಹೊತ್ತು ಇಳಿಯಿತು, ಗುಡಿ ದೂರ ಉಳಿಯಿತು, ಗಾಡಿ ಹತ್ತಿದ್ದಂತೂ ಆಗಿಯೇ ಹೋಯಿತು. ಗಾಳಿಯ ವಿಷಯದಲ್ಲಿ ಮಾತ್ರ ಅವರು ಹೇಳಿದ್ದು ಅಪ್ಪಟ ಖರೆ. ಮುಂಜಾನೆಯಿಂದ ಅದರ ಎದುರಿಗೇ ಸೈಕಲ್ ತುಳಿದವನು ನಾನು.

ಬಿಡಿಸಿಕೊಂಡು ಬರಲು ಫೋನ್ ನಂಬರ್ ಕೊಟ್ಟಿದ್ದೆ. ಈಗಲೂ ಆಗಾಗ ಕರೆ ಬರುತ್ತದೆ. “ಸಾಹೇಬ್ರ, ಇವತ್ತ ಮತ್ತ ಜಾಸ್ತಿ ಬಿಟ್ಟೈತ್ರಿ.”

ಬೆನ್ನಿಗೊಂದು ಫಲಕ

ಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲವೆಂದು ಖಾತ್ರಿಯಾಯಿತು. ರಟ್ಟಿನ ಮೇಲೆ ದೊಡ್ಡದಾಗಿ ‘ನಾನು ಆರಾಮ ಇದ್ದೇನೆ, ದಯವಿಟ್ಟು ನಿಲ್ಲಿಸಬೇಡಿ’ ಎಂದು ಬರೆದು ಬೆನ್ನಿಗೆ ಕಟ್ಟಿಕೊಂಡು, ಕೋಟೆಯ ಗುಡ್ಡ ಮುಟ್ಟೋಣವೆಂದು ನರಗುಂದಕ್ಕೆ ಹೊರಟೆ. ಅಲ್ಲಿಯವರೆಗೆ ಗುರುತಿನವರೋ ಕೆಲಸವಿದ್ದವರೋ ಅಷ್ಟೇ ನಿಲ್ಲಿಸುತ್ತಿದ್ದರು. ಅಂದು ಓದು ಬರುವವರೆಲ್ಲ ನಿಂತರು.

ಶಿರೋಳದ ಸಮೀಪ ಒಬ್ಬ ಕಾರು ಅಡ್ಡ ತಂದ. “ಏನಾಗೈತ್ರಿ?”

“ಏನೂ ಆಗಿಲ್ಲ. ಬರದೈತಲ್ಲ.”

“ಓದಿದ್ನಿ, ಅದಕ್ಕ ಕೇಳಿದ್ನಿ. ಆರಾಮ ಇದ್ದವರು ಯಾರರೆ ಹಿಂಗ ಬರಕೊಂಡ ಅಡ್ಡಾಡ್ತಾರೇನ್ರಿ?”

ನನ್ನ ದನಿ ಏರಿತು. ಅವನು ಜೊತೆಗಿದ್ದವನಿಗೆ ಹೇಳಿದ, “ನೋಡು, ಸಿಟ್ಟೂ ಬರಾಕ ಹತ್ತೈತಿ. ಬಿಪಿ ಇರಬೇಕು.”

ಇಬ್ಬರೂ ಸೇರಿ ನನ್ನನ್ನು ಕಾರಿನೊಳಗೆ ತುಂಬಿ ನರಗುಂದದ ಒಂದು ದವಾಖಾನೆಯಲ್ಲಿ ಮಲಗಿಸಿದರು. ಕಿಟಕಿಯಿಂದ ಗುಡ್ಡ ಚೆನ್ನಾಗಿ ಕಾಣುತ್ತಿತ್ತು. ಡಾಕ್ಟರರು ಬಿಪಿ ನೋಡಿದರೆ ಖರೇನೇ ಏರಿತ್ತು.

“ಗಾಬರಿ ಆಗೂ ಅಂಥಾದ್ದೇನಿಲ್ರಿ,” ಅಂದರು. “ದಿನಾ ಸ್ವಲ್ಪ ಸೈಕಲ್ ಹೊಡೀರಿ. ಭಾಳ ಚಲೋ.”

ಸೂಡಿಯ ಉಡಿ

ಸೋತು ಮುಖ್ಯಸ್ಥೆಗೆ ಎಲ್ಲ ಹೇಳಿಕೊಂಡೆ. ಅವಳು ನಂಬಲಿಲ್ಲ. “ಬ್ಯಾಡ ಅಂದ್ರ ಬ್ಯಾಡ ಅನ್ನಬೇಕ್ರಿ ಸರ್. ಗಟ್ಟಿ ಇರಬೇಕು. ಭಾನುವಾರ ನಾನ ನಿಮ್ಮ ಜೋಡಿ ಬರ್ತೀನಿ. ಅವತ್ತೂ ಆಗಲಿಲ್ಲ ಅಂದ್ರ ಈ ವರ್ಷ ಕಡಲು ಬಿಟ್ಟುಬಿಡ್ರಿ.”

ಭಾನುವಾರ ಬಂದಳು. ಸೂಡಿಯ ಮೇಲೆ ಹಾಯ್ದು ಗಜೇಂದ್ರಗಡದ ಕೋಟೆ ಮುಟ್ಟುವುದೆಂದಾಯಿತು. ಸೂಡಿಯಲ್ಲಿ ಜೋಡುಕಳಸದ ಗುಡಿ ನೋಡಿ ಹೊರಬರುವಾಗ ಎದುರುಮನೆಯ ಕಟ್ಟೆಯಿಂದ ಅಜ್ಜಿಯೊಬ್ಬಳು ಇಳಿದು ಬಂದಳು. ನನ್ನ ಕಡೆ ನೋಡಲೇ ಇಲ್ಲ, ಸೀದಾ ಮುಖ್ಯಸ್ಥೆಯ ಕೈ ಹಿಡಿದಳು.

“ಯಾರ ಮಗಳವ್ವಾ? ಬಿಸಿಲಾಗ ಮಾರಿ ಎಷ್ಟು ಬಾಡೈತಿ. ಬಾ, ಒಂದು ರೊಟ್ಟಿ ತಿಂದ ಹೋಗು.”

“ಬ್ಯಾಡ ಅಜ್ಜಿ,” ಅಂದಳು ಗಟ್ಟಿಯಾಗಿ.

ಸ್ವಲ್ಪ ಹೊತ್ತಿನಲ್ಲಿ ಅವಳು ಅಡುಗೆಮನೆಯಲ್ಲಿದ್ದಳು. ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು. ಊಟವಾಗಿ ಏಳುವಾಗ ಅಜ್ಜಿ ಹರಿವಾಣ ತಂದಳು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕೊಬ್ಬರಿ, ಕುಬಸದ ಖಣ. ಮನೆಗೆ ಮೊದಲ ಸಲ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ ಕಳಿಸುವುದುಂಟೇ?

“ಬ್ಯಾಡ…”

“ಉಡಿಗೆ ಬ್ಯಾಡ ಅನಬಾರದವ್ವ.”

ಮುಖ್ಯಸ್ಥೆ ನನ್ನನ್ನು ನೋಡಿದಳು. ನಾನು ಬಾಗಿಲಿನಿಂದ ಗುಡಿಯ ಕಳಸ ನೋಡಿದೆ. ಸೈಕಲ್ಲಿನ ಅಂಗಿಗೆ ಸೆರಗೆಲ್ಲಿಂದ ಬರಬೇಕು? ಅಜ್ಜಿ ಹೆಲ್ಮೆಟ್ ಅಂಗಾತ ಹಿಡಿಸಿ ಅದರಲ್ಲೇ ಉಡಿ ತುಂಬಿದಳು.

“ಇದನ್ನ ಹಿಡಕೊಂಡ ಸೈಕಲ್ ಹೊಡೀತೀಯೇನು? ಉಡಿ ಚೆಲ್ಲಿದ್ರ?” ಅಂತ ಮಗನಿಗೆ ಟ್ರ್ಯಾಕ್ಟರ್ ತೆಗೆಯಲು ಹೇಳಿದಳು. ಮುಖ್ಯಸ್ಥೆಯ ಸೈಕಲ್ ಟ್ರೇಲರಿಗೆ ಹೋಯಿತು, ಅವಳೂ ಹೋದಳು. ಎಣಗಾಯಿಯ ಭಾರಕ್ಕೋ ಏನೋ, ನಾನೂ ಒಂದು ಕಾಲು ಎತ್ತಿ ಇಟ್ಟೆ.

“ನೀ ಎಲ್ಲಿ ಹತ್ತತೀಯೋ ತಮ್ಮಾ? ನಿನಗೇನು ಉಡಿ ತುಂಬೇವೇನು? ಹಿಂದಿಂದ ಬಾ.”

ನಡು ಮಧ್ಯಾಹ್ನ, ಹೊಟ್ಟೆ ತುಂಬ ರೊಟ್ಟಿ, ಎದುರು ಗಾಳಿ. ಆ ದಿನ ಯಾರಾದರೂ ನಿಲ್ಲಿಸಿದ್ದರೆ ಕಾಲಿಗೆ ಬೀಳುತ್ತಿದ್ದೆ. ಬಂದ ಬೈಕಿಗೆಲ್ಲ ಕೈ ಮಾಡಿದೆ. ಅವರೂ ಕೈ ಮಾಡಿದರು. “ಮಗಳನ್ನ ಕಳಸಾಕ ಹೊಂಟೀರೇನ್ರಿ? ಹೋಗಿ ಬರ್ರಿ,” ಅಂತ ಹಾರೈಸಿ ಮುಂದೆ ಹೋದರು.

ಗಜೇಂದ್ರಗಡದ ಕೋಟೆಯ ಬುಡದಲ್ಲಿ ಸೈಕಲ್ ಒಂದು ಕಡೆ, ನಾನು ಒಂದು ಕಡೆ ಬಿದ್ದೆವು. ಮುಖ್ಯಸ್ಥೆ ಎರಡೂ ಕೈಯಲ್ಲಿ ಹೆಲ್ಮೆಟ್ ಅವಚಿಕೊಂಡು ಟ್ರೇಲರಿನಿಂದ ಜೋಪಾನವಾಗಿ ಇಳಿದಳು.

“ದಾರಿ ತುಂಬ ನೋಡಕೊಂತ ಬಂದೀನ್ರಿ ಸರ್. ಒಂದು ಗಾಡಿನೂ ಹತ್ತಿಲ್ಲ. ಪಾಸಾದ್ರಿ, ಕಡಲಿಗೆ ಬರ್ರಿ.”

ಉಸಿರು ಬಂದ ಮೇಲೆ ಕೇಳಿದೆ. “ಗಾಡಿ ಹತ್ತಬಾರದು ಅನ್ನೋ ಷರತ್ತು ನಿಮಗಿಲ್ಲೇನ್ರಿ ಮೇಡಂ?”

ಅವಳು ಹೆಲ್ಮೆಟ್ಟಿನಿಂದ ಒಂದು ಉತ್ತತ್ತಿ ಆರಿಸಿ ಬಾಯಿಗೆ ಹಾಕಿಕೊಂಡಳು.

“ಷರತ್ತು ಸೈಕಲ್ಲಿನವರಿಗ್ರಿ ಸರ್. ನಾ ಇವತ್ತ ಸೂಡಿ ಮನಿಮಗಳು.”